ಕಿಟಕಿಯ ಬಗ್ಗೆ ಪರದೇಶಿಯ ಅಭಿಪ್ರಾಯ

ಊಟದ ಮೇಜಿನ ಒಂದು ಕಾಲು ಮಿಕ್ಕ ಮೂರಕ್ಕಿಂತ ಗಿಡ್ಡವಾಗಿತ್ತು. ಎಲ್ಲ ಗೋಳೂ ಶುರುವಾದದ್ದು ಅಲ್ಲಿಂದಲೇ. ಮೂರು ವಾರದ ಕೆಳಗೆ ಅಂಚೆಯಲ್ಲಿ ಬಂದ ಒಂದು ಲಕೋಟೆಯನ್ನು ಅವನು ನಾಲ್ಕು ಮಡಿಕೆ ಮಾಡಿ ಆ ಕಾಲಿನಡಿ ತುರುಕಿದ್ದ. ಲಕೋಟೆಯ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಹಲ್ಲು ಕಿರಿಯುತ್ತ ನಿಂತ ಚಿತ್ರವಿತ್ತು. ಹೀಗೆ ನಗುವವರು ಏನನ್ನೋ ಮಾರಲಿಕ್ಕೇ ಬಂದವರು, ಹಾಸಿಗೆಯನ್ನೋ ಹಲ್ಲುಪುಡಿಯನ್ನೋ, ಎಂದು ಅವನು ಒಳಗೆ ಏನಿದೆ ಎಂದು ನೋಡುವ ಗೋಜಿಗೇ ಹೋಗಿರಲಿಲ್ಲ.

ಆ ದಿನ ಬೆಳಿಗ್ಗೆ ನೆಲ ಒರೆಸುತ್ತಿದ್ದ ಹೆಂಡತಿ ಅದನ್ನು ಎಳೆದು, ಬಿಡಿಸಿ, ಮೊಣಕಾಲ ಮೇಲೆ ಕೂತಲ್ಲೇ ಓದಿದಳು.

"ರೀ, ಇದೇನು ಗೊತ್ತಾ?"

"ಹಾಸಿಗೆ ಜಾಹೀರಾತು."

"ಹೌದು. ಹಾಸಿಗೆ ಸುತ್ಕೊಂಡು ಹೊರಡಿ ಅಂತ ಬರೆದಿದೆ. ನಮ್ಮ ವಾಸದ ಪರವಾನಗಿ ಇವತ್ತಿಗೆ ಮುಗಿಯುತ್ತೆ!"

ಬಾಯಲ್ಲಿದ್ದ ಬ್ರೆಡ್ಡಿನ ತುಂಡು ಅವನಿಗೆ ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಹೆಂಡತಿ ಮುಂದಕ್ಕೆ ಓದಿ ಹೇಳಿದಳು. ಒಳಗಿರುವ ನಮೂನೆಯಲ್ಲಿ ಮೂವರು ನೆರೆಯವರು 'ಈ ವ್ಯಕ್ತಿ ನಮ್ಮ ನಡುವೆ ಹೊಂದಿಕೊಂಡಿರುತ್ತಾನೆ' ಎಂದು ಸಹಿ ಹಾಕಬೇಕು. ಅದನ್ನು ಇಂದು ಸಂಜೆ ನಾಲ್ಕರೊಳಗೆ ಕಚೇರಿಗೆ ಮುಟ್ಟಿಸಬೇಕು. ತಪ್ಪಿದರೆ ಅವನು ಹೊರಡಬೇಕು. ಅವನ ಪರವಾನಗಿಗೇ ಅವಳ ಹೆಸರೂ ಅಂಟಿಕೊಂಡಿದ್ದರಿಂದ ಅವಳೂ ಹೊರಡಬೇಕು.

"ನಾನಂತೂ ಎಲ್ಲಿಗೂ ಬರಲ್ಲ," ಎಂದಳು ಹೆಂಡತಿ. "ಈಗ ತಾನೇ ನಾಲ್ಕು ಜನ ಗೆಳತಿಯರಾಗಿದ್ದಾರೆ. ಬೇಕಾದ್ರೆ ನೀವೊಬ್ಬರೇ ಹೋಗಿ."

ಅವರು ಈ ದೇಶಕ್ಕೆ ಬಂದು ಎಂಟು ತಿಂಗಳಾಗಿತ್ತು. ಅವನಿಗೆ ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜುವ ಕೆಲಸ, ಅವಳಿಗೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿಯ ಕೆಲಸ. ಅವಳು ಇಲ್ಲಿನ ಮಾತನ್ನು ಇಸ್ತ್ರಿ ಹಾಕುವ ಹೆಂಗಸರಿಂದ ಬೈಗುಳ ಸಮೇತ ಕಲಿತಿದ್ದಳು. ಅವನು ಕಲಿತದ್ದು ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ವ್ಯಾಕರಣ ಪುಸ್ತಕದಿಂದ. ಅದನ್ನು ಬರೆದವನು ತೀರಿಹೋಗಿಯೇ ಎಂಬತ್ತು ವರ್ಷವಾಗಿರಬೇಕು. ಹೀಗಾಗಿ ಮನೆಯೊಳಗೆ ನೆಟ್ಟಗೆ ಮಾತಾಡುವ ಮನುಷ್ಯ, ಹೊಸ್ತಿಲು ದಾಟಿದ ಕೂಡಲೇ ತಾಮ್ರಶಾಸನ ಓದಿದ ಹಾಗೆ ಮಾತಾಡುತ್ತಿದ್ದ.

ಕಟ್ಟಡದಲ್ಲಿ ಎಲ್ಲರೂ ಅವನನ್ನು ಪರದೇಶಿ ಎಂದೇ ಕರೆಯುತ್ತಿದ್ದರು. ಬೇರೆ ದೇಶದವನು ಎಂಬ ಅರ್ಥದಲ್ಲಿ ಶುರುವಾದ ಹೆಸರು. ಅವನ ಮುಖ ನೋಡನೋಡುತ್ತ ಇನ್ನೊಂದು ಅರ್ಥವೂ ತಾನಾಗಿ ಬಂದು ಸೇರಿಕೊಂಡಿತ್ತು.

"ಸರಿಯಾಗಿ ಕೇಳಿಸ್ಕೊಳ್ಳಿ," ಎಂದಳು ಹೆಂಡತಿ ಕೆಲಸಕ್ಕೆ ಹೊರಡುತ್ತ. "ಕೆಳಗಡೆ ಟೀಚರಮ್ಮ, ಮೇಲ್ಗಡೆ ತುತ್ತೂರಿ, ಆಮೇಲೆ ಕೀಲಿಯಕ್ಕ. ಮೂರು ಸಹಿ. ಯಾರು ಏನು ಕೇಳಿದ್ರೂ ಎಲ್ಲಾ ಚೆನ್ನಾಗಿದೆ ಅನ್ನಿ. ಅಭಿಪ್ರಾಯ ಗಿಭಿಪ್ರಾಯ ಹೇಳೋಕೆ ಹೋಗ್ಬೇಡಿ."

"ಎಂಟು ತಿಂಗಳಲ್ಲಿ ನಾನು ಯಾವತ್ತಾದ್ರೂ ಅಭಿಪ್ರಾಯ ಹೇಳಿದ್ದೀನಾ?"

"ಅದೂ ನಿಜಾನೇ ಬಿಡಿ," ಎಂದು ಅವಳು ಮೆಟ್ಟಿಲಿಳಿದಳು.

ಕಾರ್ಖಾನೆಯ ಯಜಮಾನನಿಗೆ ಅವನು ಫೋನು ಮಾಡಿ, "ನನ್ನ ಉದರದಲ್ಲಿ ಬಾಧೆಯುಂಟಾಗಿರುತ್ತದೆ" ಎಂದ. ಆ ಮಾತಿನ ತೂಕಕ್ಕೇ ಹೆದರಿದ ಯಜಮಾನ ಎರಡು ದಿನ ರಜೆ ಕೊಟ್ಟು, ಆಸ್ಪತ್ರೆಗೆ ಹೋಗಲು ಹೇಳಿದ.

ಟೀಚರಮ್ಮ ನೆಲಮಹಡಿಯಲ್ಲಿದ್ದರು. ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಈ ನಾಡಿನ ಭಾಷೆ ಕಲಿಸಿ ನಿವೃತ್ತರಾದವರು. ಮೈಮೇಲೆ ಎರಡು ಸ್ವೆಟರು, ಕಾಲ ಮೇಲೆ ಕಂಬಳಿ, ಕೈಯಲ್ಲಿ ಕೆಂಪು ಪೆನ್ನು. ಇವಿಷ್ಟಿಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ.

"ಮಾನ್ಯರೇ, ನಾನು ತಮ್ಮ ಬಳಿಗೆ ಒಂದು ಸಹಿಯ ಸಲುವಾಗಿ ಬಂದಿರುವೆನು."

"ಮಾನ್ಯರೇ ಅಂತ ಭಾಷಣದಲ್ಲಿ ಅಂತಾರೆ. ಹೆಂಗಸರ ಮನೆ ಬಾಗಿಲಲ್ಲಿ ನಿಂತು ಅನ್ನಲ್ಲ. ಒಳಗೆ ಬನ್ನಿ. ಬೇಗ ಬಾಗಿಲು ಹಾಕಿ, ಗಾಳಿ!"

ಅವರು ನಮೂನೆಯನ್ನು ಮೇಲಿಂದ ಕೆಳಗೆ ಓದಿದರು. ಸರಕಾರದ ವಾಕ್ಯಗಳಲ್ಲಿ ಎರಡು ತಪ್ಪು ಸಿಕ್ಕವು. ಅವಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಸರಿಯಾದ ರೂಪ ಬರೆದು, ಒಂದು ಗೆರೆ ಎಳೆದರು. ಪರದೇಶಿಯ ಎದೆಯ ಮೇಲೇ ಆ ಗೆರೆ ಎಳೆದಂತಾಯಿತು.

"ಹೊಂದಿಕೊಂಡಿದ್ದಾರೆ ಅಂತ ನಾನು ಸಹಿ ಮಾಡ್ಬೇಕಾದ್ರೆ ಒಂದು ವಿಷಯ ಗೊತ್ತಾಗ್ಬೇಕು," ಎಂದರು. "ನಿಮ್ಮ ಮನೆ ಬಾಗಿಲೆದುರಿಗೆ ಮೆಟ್ಟಿಲಲ್ಲಿ ಕಿಟಕಿ ಇದೆಯಲ್ಲ. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

"ಎಲ್ಲವೂ ಚೆನ್ನಾಗಿದೆ."

"ಇರೋದು ಒಂದೇ ಕಿಟಕಿ. ಎಲ್ಲವೂ ಎಲ್ಲಿಂದ ಬಂತು? ಅದು ತೆಗೆದಿರ್ಬೇಕೋ, ಮುಚ್ಚಿರ್ಬೇಕೋ?"

ಪರದೇಶಿ ಸ್ವೆಟರುಗಳನ್ನು ನೋಡಿದ. ಕಂಬಳಿಯನ್ನು ನೋಡಿದ. ಪುಸ್ತಕದ ನಲವತ್ತನೇ ಪಾಠ ನೆನಪಿಗೆ ಬಂತು.

"ಕಿಟಕಿಯು ಮುಚ್ಚಿರತಕ್ಕದ್ದು."

"ಆಹಾ!" ಟೀಚರಮ್ಮನ ಮುಖ ಅರಳಿತು. "ಎಂಥ ವಾಕ್ಯ! ನೋಡಿ, ನಮ್ಮೂರಲ್ಲಿ ಮೊದಲಿಂದಲೂ ಮೆಟ್ಟಿಲ ಕಿಟಕಿ ಮುಚ್ಚಿಡೋದೇ ಪದ್ಧತಿ. ಮೂರನೇ ಮಹಡಿಯಲ್ಲಿ ಒಬ್ಬ ಇದ್ದಾನಲ್ಲ, ಅವನಿಗೆ ಪದ್ಧತಿ ಅಂದ್ರೇನು ಅಂತ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಹೇಳ್ತಾ ಇದೀನಿ." ಕೆಂಪು ಶಾಯಿಯಲ್ಲಿ ದುಂಡಗೆ ಸಹಿ ಬಿತ್ತು. "ಹೋಗ್ತಾ ಅದನ್ನ ಮುಚ್ಚಿ ಹೋಗಿ."

ಹೋಗುತ್ತ ಮುಚ್ಚಿಯೇ ಹೋದ. ಒಂದು ಸಹಿ ಆಯಿತು, ಇನ್ನೂ ಹತ್ತೂವರೆ ಗಂಟೆ. ಇಷ್ಟು ಸಲೀಸಿದೆಯಲ್ಲ ಎನ್ನಿಸಿ ಮೇಲಕ್ಕೆ ಹತ್ತುವಾಗ ಸಣ್ಣಗೆ ಸಿಳ್ಳೆಯನ್ನೂ ಹಾಕಿದ.

ತುತ್ತೂರಿ ಎಂದರೆ ಊರಿನ ಬ್ಯಾಂಡಿನಲ್ಲಿ ಮೂವತ್ತು ವರ್ಷ ತುತ್ತೂರಿ ಊದಿದವರು. ಮೇಯರನ ಮದುವೆಗೂ ಅವರೇ, ಸೇತುವೆಯ ಉದ್ಘಾಟನೆಗೂ ಅವರೇ. ಊದೀ ಊದೀ ಕೆನ್ನೆಗಳು ಸುಮ್ಮನಿದ್ದಾಗಲೂ ಅರ್ಧ ಉಬ್ಬಿಕೊಂಡೇ ಇರುತ್ತಿದ್ದವು. ಅವರು ಬನಿಯನ್ನಿನಲ್ಲಿ ಬಾಗಿಲಿಗೆ ಬಂದು, ಪರದೇಶಿಯನ್ನು ದಾಟಿ, ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು.

"ಯಾವ ಮಹಾನುಭಾವ ಮುಚ್ಚಿದ್ದು ಅದನ್ನ? ಗಾಳೀನೇ ಇಲ್ದಿದ್ರೆ ನಾನು ಊದೋದು ಏನನ್ನ, ನನ್ನ ತಲೆಯನ್ನ?"

ಪರದೇಶಿ ನಮೂನೆಯನ್ನು ಮುಂದೆ ಹಿಡಿದ. ತುತ್ತೂರಿ ಓದಿ, ಪೆನ್ನು ತೆಗೆದು, ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

"ಅಲ್ಲಾ, ಒಂದು ಮಾತು. ನಿಮ್ಮ ದೇಶದಲ್ಲಿ ಕಿಟಕಿ ತೆಗೆದಿಡ್ತಾರೋ ಮುಚ್ಚಿಡ್ತಾರೋ?"

ಪರದೇಶಿ ಯೋಚಿಸಿದ. ಅವನ ಊರಿನಲ್ಲಿ ಕಿಟಕಿ ಮುಚ್ಚಿ ಮಲಗಿದರೆ ಬೆಳಿಗ್ಗೆ ಹಬೆಯಲ್ಲಿ ಬೆಂದವರಂತೆ ಏಳಬೇಕು. ಇದನ್ನು ಹೇಳಿದರೆ ಮಾಹಿತಿ ಕೊಟ್ಟಂತಾಗುತ್ತದೆ, ಅಭಿಪ್ರಾಯ ಹೇಳಿದಂತಾಗುವುದಿಲ್ಲ. ಹೆಂಡತಿಯ ಆಕ್ಷೇಪ ಇರಲಾರದು.

"ನಮ್ಮ ದೇಶದಲ್ಲಿ ಕಿಟಕಿಗಳು ಸದಾ ತೆರೆದಿರುತ್ತವೆ."

"ಸದಾ!" ತುತ್ತೂರಿಯ ಕೆನ್ನೆ ಪೂರ್ತಿ ಉಬ್ಬಿತು. "ನಮ್ಮೂರಲ್ಲೂ ಹಾಗೇ ಕಣ್ರೀ! ಹುಟ್ಟಿದಾಗಿಂದ ನೋಡಿದ್ದೀನಿ, ಮೆಟ್ಟಿಲ ಕಿಟಕಿ ಮುಚ್ಚಿದ್ದು ಅಂತ ಒಂದಿಲ್ಲ." ನಾಲ್ಕು ಮೆಟ್ಟಿಲಿಗೊಂದು ಹೆಜ್ಜೆ ಹಾಕಿ ಕೆಳಗಿಳಿದು, ಕಿಟಕಿಯನ್ನು ಧಡಾರನೆ ತೆಗೆದು, ಅದರ ಕಟ್ಟೆಯ ಮೇಲೇ ಕಾಗದವಿಟ್ಟು ನೀಲಿ ಶಾಯಿಯಲ್ಲಿ ಸಹಿ ಗೀಚಿದರು. ಆಮೇಲೆ ಕೆಳಮಹಡಿಗೆ ಬಗ್ಗಿ ಬ್ಯಾಂಡಿನ ಗಂಟಲಿನಲ್ಲಿ ಕೂಗಿದರು. "ಕೇಳಿಸ್ತಾ ಟೀಚರಮ್ಮಾ! ಹೊರದೇಶದೋರು ಕೂಡ ನನ್ನ ಕಡೆ!"

ಮೊಣಕಾಲ ನೋವೆಂದು ಆರು ವರ್ಷದಿಂದ ಮೆಟ್ಟಿಲು ಹತ್ತದಿದ್ದ ಟೀಚರಮ್ಮ ಅವತ್ತು ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿ ಬಂದರು. ಕಂಬಳಿ ಹಿಂದೆ ಹಿಂದೆ ಎಳೆದುಕೊಂಡು ಬರುತ್ತಿತ್ತು.

"ಸುಳ್ಳು! ಮುಚ್ಚಿರತಕ್ಕದ್ದು ಅಂತ ನನಗೆ ಹೇಳಿದ್ದಾರೆ. ತಕ್ಕದ್ದು!"

"ಸದಾ ತೆರೆದಿರುತ್ತವೆ ಅಂತ ನನಗೆ ಹೇಳಿದ್ದಾರೆ. ಸದಾ!"

ಇಬ್ಬರೂ ಒಟ್ಟಿಗೆ ಪರದೇಶಿಯ ಕಡೆ ತಿರುಗಿದರು. ಅವನು ಗೋಡೆಗೆ ಅಂಟಿ ನಿಂತಿದ್ದ.

"ಎಲ್ಲ..." ಎಂದು ಬಾಯಿ ತೆರೆದ.

"ಎಲ್ಲವೂ ಚೆನ್ನಾಗಿದೆ ಅಂದ್ರೆ ನೋಡಿ ಮತ್ತೆ!" ಎಂದರು ಇಬ್ಬರೂ ಒಂದೇ ದನಿಯಲ್ಲಿ. ಇಪ್ಪತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು.

ಟೀಚರಮ್ಮ ಕಿಟಕಿಯ ಬಾಗಿಲನ್ನು ಎಳೆದರು. ತುತ್ತೂರಿ ತಳ್ಳಿದರು. ಟೀಚರಮ್ಮ ಮತ್ತೆ ಎಳೆದರು. ಅಷ್ಟರಲ್ಲಿ ಕೆಳಗೆ ಯಾರೋ ಕಟ್ಟಡದ ಮುಂಬಾಗಿಲನ್ನು ತೆರೆದರು. ಮೆಟ್ಟಿಲುದ್ದಕ್ಕೂ ಗಾಳಿ ಸುಯ್ಯೆಂದು ಮೇಲೆ ನುಗ್ಗಿ, ಕಟ್ಟೆಯ ಮೇಲಿದ್ದ ನಮೂನೆಯನ್ನೆತ್ತಿಕೊಂಡು ಕಿಟಕಿಯಿಂದಾಚೆ ಹೊರಟೇಹೋಯಿತು.

ಪರದೇಶಿ ಮೆಟ್ಟಿಲಿಳಿದದ್ದು ಅನ್ನುವುದಕ್ಕಿಂತ ಉರುಳಿದ್ದು ಅನ್ನಬೇಕು. ಮುಂಬಾಗಿಲ ಹೊರಗೆ ಕೀಲಿಯಕ್ಕ ಮೆಟ್ಟಿಲು ತೊಳೆಯುತ್ತಿದ್ದಳು. ಕಟ್ಟಡದ ಉಸ್ತುವಾರಿ ಅವಳದು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸದಾ ಝಣಝಣ ಎನ್ನುತ್ತಿತ್ತು. ಕಾಗದ ಗಾಳಿಯಲ್ಲಿ ಎರಡು ಸುತ್ತು ಸುತ್ತಿ, ಜಾಗ ಹುಡುಕಿದಂತೆ ಸ್ವಲ್ಪ ತಡೆದು, ನೆಟ್ಟಗೆ ಅವಳ ಬಕೆಟ್ಟಿನೊಳಗೆ ಇಳಿಯಿತು.

"ಅಯ್ಯೋ!" ಎಂದ ಪರದೇಶಿ.

ಕೀಲಿಯಕ್ಕ ಕೈ ಹಾಕಿ ಅದನ್ನು ತೆಗೆದಳು. ಬಕೆಟ್ಟಿನಿಂದ ಏನೇ ತೆಗೆದರೂ ಹಿಂಡುವುದು ಅವಳ ಕೈಗೆ ಅಭ್ಯಾಸ. ಹಿಂಡಿಯೂ ಬಿಟ್ಟಳು. ಬಿಡಿಸಿ ನೋಡಿದಾಗ ಟೀಚರಮ್ಮನ ಕೆಂಪೂ ತುತ್ತೂರಿಯ ನೀಲಿಯೂ ಒಂದರೊಳಗೊಂದು ಕರಗಿ, ಕಾಗದದ ಕೆಳಭಾಗ ಪೂರ್ತಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆ ಇಬ್ಬರ ಹೆಸರು ಅಷ್ಟು ಅನ್ಯೋನ್ಯವಾಗಿ ಹಿಂದೆಂದೂ ಬೆರೆತಿರಲಿಲ್ಲ.

"ಅಳ್ಬೇಡಿ," ಎಂದಳು ಕೀಲಿಯಕ್ಕ. ಅವನು ಇನ್ನೂ ಅಳಲು ಶುರು ಮಾಡಿರಲಿಲ್ಲ. "ಇಸ್ತ್ರಿ ಹಾಕಿ ಕೊಡ್ತೀನಿ, ಬನ್ನಿ."

ಮೆಟ್ಟಿಲ ಕೆಳಗಿನ ಅವಳ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಕಾಯಲು ಮುಕ್ಕಾಲು ಗಂಟೆ ಹಿಡಿಯಿತು. ಕಾಗದ ಒಣಗಲು ಎರಡು ಗಂಟೆ ಹಿಡಿಯಿತು, ಏಕೆಂದರೆ ಕೀಲಿಯಕ್ಕ ಒಂದು ಸಲ ಪೆಟ್ಟಿಗೆ ಎಳೆದು, ನಿಲ್ಲಿಸಿ, ಐದು ನಿಮಿಷ ಮಾತಾಡಿ, ಮತ್ತೆ ಎಳೆಯುತ್ತಿದ್ದಳು.

"ಎಲ್ಲರ ಅಭಿಪ್ರಾಯಾನೂ ಎಲ್ಲರೂ ಕೇಳ್ತಾರೆ. ಆ ಕಿಟಕಿ ಗಾಜು ಒರೆಸೋಳು ನಾನು. ನನ್ನನ್ನ ಒಬ್ರೂ ಕೇಳಿಲ್ಲ. ನನ್ನ ಕೇಳಿದ್ರೆ, ಅದಕ್ಕೆ ಮೊಳೆ ಹೊಡೀಬೇಕು. ಆಮೇಲೆ ಅದೇ ಸುತ್ತಿಗೆ ತಗೊಂಡು ಅವರಿಬ್ಬರ ಬಾಗಿಲಿಗೂ ಹೊಡೀಬೇಕು. ಈ ಊರಿನ ಜನಾನೇ ಹೀಗೆ. ನಮ್ಮ ಕಡೆ ಇಂಥದ್ದಕ್ಕೆಲ್ಲ ಜಗಳ ಆಡಲ್ಲ."

ಪರದೇಶಿ ಗಡಿಯಾರ ನೋಡುತ್ತ ತಲೆಯಾಡಿಸಿದ. ಅವಳು ಹೇಳುತ್ತಿದ್ದುದು ಅರ್ಧ ಅವನ ಕಿವಿಗೆ ಬೀಳಲೇ ಇಲ್ಲ. ಕಾಗದ ಒಣಗಿತು. ಕೀಲಿಯಕ್ಕ ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಸಹಿ ಹಾಕಿದಳು. ಹಾಗಾಗಿ ಬೆಳಿಗ್ಗೆಯಿಂದ ಓಡಾಡಿ ಎರಡಿದ್ದ ಸಹಿ ಒಂದಾಯಿತು. ಗಂಟೆ ಎರಡು.

ಟೀಚರಮ್ಮ ಬಾಗಿಲು ತೆರೆಯದೆ ಒಳಗಿನಿಂದಲೇ ಹೇಳಿದರು: "ಎರಡು ನಾಲಿಗೆಯವರಿಗೆ ಒಂದು ಸಹಿ ಕೊಟ್ಟಿದ್ದೇ ಹೆಚ್ಚು!"

ತುತ್ತೂರಿ ಬಾಗಿಲು ತೆರೆದರು. ಆದರೆ ಷರತ್ತು ಹಾಕಿದರು. "ಆ ಯಮ್ಮನ ಎದುರಿಗೆ ನಿಂತು ಹೇಳಿ, ತೆಗೆದೇ ಇರ್ಬೇಕು ಅಂತ. ಆಮೇಲೆ ಒಂದಲ್ಲ ಹತ್ತು ಸಹಿ ಹಾಕ್ತೀನಿ."

ಪರದೇಶಿ ಕೆಳಗೆ ಹೋದ, ಮೇಲೆ ಹೋದ, ಮತ್ತೆ ಕೆಳಗೆ ಹೋದ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಷ್ಟರಲ್ಲಿ ಅವನ ವ್ಯಾಕರಣ ಅದನ್ನು ಇನ್ನಷ್ಟು ಕೆಡಿಸುತ್ತಿತ್ತು. 'ಆ ಯಮ್ಮ' ಎಂಬುದು ಕೆಳಗೆ ಮುಟ್ಟುವಾಗ 'ಆ ಯಮನು' ಎಂದಾಗಿತ್ತು. ಎರಡು ಮುಕ್ಕಾಲಿಗೆ ಇಬ್ಬರೂ ಮತ್ತೆ ಅವನ ಮನೆಯ ಮುಂದೆ, ಕಿಟಕಿಯ ಒಂದೊಂದು ಬಾಗಿಲು ಹಿಡಿದು ನಿಂತಿದ್ದರು. ಹಿಂದೆ ಕೀಲಿಯಕ್ಕ ಕಸಬರಿಕೆಗೆ ಗಲ್ಲ ಊರಿಕೊಂಡು ನೋಡುತ್ತಿದ್ದಳು.

"ಇವತ್ತು ಇತ್ಯರ್ಥ ಆಗ್ಲೇಬೇಕು," ಎಂದರು ಟೀಚರಮ್ಮ.

"ನೀವೇ ಹೇಳ್ರೀ ಪರದೇಶಿ!" ಎಂದರು ತುತ್ತೂರಿ.

ಪರದೇಶಿ ಇಬ್ಬರ ನಡುವೆ ನುಗ್ಗಿದ.

"ಸುಮ್ನಿರ್ರೀ ಇಬ್ರೂ!" ಎಂದು ಅವನು ಅರಚಿದ. "ಎಂಟು ತಿಂಗಳಾಯ್ತು ನೋಡ್ತಾ ಇದ್ದೀನಿ! ಬೆಳಿಗ್ಗೆ ಹಲ್ಲುಜ್ಜೋಕೆ ಎದ್ರೆ ದಢ್ ಅಂತ ಮುಚ್ಚೋ ಸದ್ದು. ಬಾಯಿ ಮುಕ್ಕಳಿಸೋದ್ರೊಳಗೆ ಕಿರ್ ಅಂತ ತೆಗೆಯೋ ಸದ್ದು. ಅದೇನು ಕಿಟಕೀನೋ, ಇಲ್ಲಾ ನಿಮ್ಮಿಬ್ಬರ ಬಾಯೋ? ತೆಗೆದ್ರೆ ಗಾಳಿ ಬರುತ್ತೆ, ಮುಚ್ಚಿದ್ರೆ ಬರಲ್ಲ. ಇಷ್ಟು ತಿಳಿಯೋಕೆ ಇಪ್ಪತ್ತು ವರ್ಷ ಬೇಕೇನ್ರೀ? ಟೀಚರಮ್ಮ, ನಿಮ್ಮ ಬಾಗಿಲಿಗೆ ಒಂದು ದಪ್ಪ ಪರದೆ ಹಾಕ್ಕೊಳ್ಳಿ. ನೀವು, ನಿಮ್ಮ ಮನೇಲಿ ನಾಲ್ಕು ಕಿಟಕಿ ಇವೆ, ಅದನ್ನ ತೆಗ್ದು ಊದ್ಕೊಳ್ಳಿ! ಅಭಿಪ್ರಾಯ ಬೇಕು ಅಂದ್ರಲ್ಲ, ತಗೊಳ್ಳಿ, ಇದೇ ನನ್ನ ಅಭಿಪ್ರಾಯ. ಸಹಿ ಹಾಕೋದಾದ್ರೆ ಹಾಕಿ. ಇಲ್ಲಾಂದ್ರೆ ಹೇಳ್ಬಿಡಿ, ನಾನು ಹೋಗಿ ಗಂಟುಮೂಟೆ ಕಟ್ತೀನಿ!"

ಕೀಲಿಯಕ್ಕ ಕಸಬರಿಕೆಯಿಂದ ಗಲ್ಲ ಎತ್ತಿದಳು. ತನ್ನ ಬಾಯಿಂದ ಬಂದದ್ದು ಯಾರ ಮಾತು ಎಂದು ಪರದೇಶಿಗೇ ಗಾಬರಿಯಾಗಿತ್ತು. ಅದು ಯಾವ ಪಾಠದಲ್ಲೂ ಇರಲಿಲ್ಲ. ಎಂಟು ತಿಂಗಳು ಬಾಗಿಲ ಸಂದಿಯಿಂದ ಒಳಬಂದು, ಅವನಿಗೇ ತಿಳಿಯದೆ ಒಳಗೆ ಕೂತಿತ್ತು.

ಟೀಚರಮ್ಮನ ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತ್ತು. "ಒಂದು ತಪ್ಪೂ ಇಲ್ಲ," ಎಂದರು ಮೆಲ್ಲಗೆ. "ಇಷ್ಟುದ್ದ ಮಾತಾಡಿದ್ರು, ಒಂದೇ ಒಂದು ತಪ್ಪಿಲ್ಲ!"

"ಏನು ಬೈದ್ರು ಅಂತೀನಿ!" ತುತ್ತೂರಿಯ ಕಣ್ಣಲ್ಲಿ ನೀರಾಡಿತು. "ಪಕ್ಕಾ ನಮ್ಮೋರ ಥರ. ನನ್ನ ಸ್ವಂತ ತಮ್ಮ ಬೈದಂಗಾಯ್ತು."

ಇಬ್ಬರೂ ಪೈಪೋಟಿಯ ಮೇಲೆ ಸಹಿ ಹಾಕಿದರು. ಹಾಕಿದ್ದು ಸಾಲದೆಂದು ಕಚೇರಿಯವರೆಗೂ ಬಂದು ಬಾಯಲ್ಲೂ ಹೇಳುತ್ತೇವೆಂದು ಹೊರಟರು. ನಾನೇನು ಕಡಿಮೆ ಎಂದು ಕೀಲಿಯಕ್ಕ ಬಕೆಟ್ಟನ್ನು ಮೂಲೆಗೆ ತಳ್ಳಿ ಹಿಂದೆ ಬಂದಳು. ಬಸ್ಸಿನಲ್ಲಿ ಮೂವರೂ ಅವನಿಗೆ ಕೂರಲು ಜಾಗ ಮಾಡಿಕೊಟ್ಟು, ತಾವು ಸುತ್ತ ನಿಂತರು. ಮದುವಣಿಗನನ್ನು ಕರೆದೊಯ್ಯುವಂತಿತ್ತು, ಪೊಲೀಸರು ಕಳ್ಳನನ್ನು ಕರೆದೊಯ್ಯುವಂತೆಯೂ ಇತ್ತು. ಏನೆಂದು ಪರದೇಶಿಗೆ ತೀರ್ಮಾನಿಸಲಾಗಲಿಲ್ಲ.

ಪರವಾನಗಿ ಕಚೇರಿಯ ಏಳನೇ ಕೋಣೆ ತಲುಪಿದಾಗ ಮೂರು ಮುಕ್ಕಾಲು. ಮೇಜಿನ ಹಿಂದಿದ್ದ ಅಧಿಕಾರಿ ಕಡ್ಡಿಯಂಥ ಮನುಷ್ಯ. ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ಇದು ಯಾಕೆ ನೇರಳೆ ಆಗಿದೆ?"

"ಬಕೆಟ್ಟಿಗೆ ಬಿತ್ತು ಸಾರ್," ಎಂದಳು ಕೀಲಿಯಕ್ಕ. "ಚೊಕ್ಕ ನೀರು."

"ಇಲ್ಲಿ ಸರಕಾರದ ವಾಕ್ಯ ತಿದ್ದಿದವರು ಯಾರು?"

"ನಾನು," ಎಂದರು ಟೀಚರಮ್ಮ. "ತಪ್ಪಿತ್ತು."

ಅಧಿಕಾರಿ ಪರದೇಶಿಯನ್ನು ಒಮ್ಮೆ ನೋಡಿ, ಮಿಕ್ಕ ಮೂವರ ಕಡೆ ತಿರುಗಿದ. "ಹೊಂದಿಕೊಂಡಿದ್ದಾರೆ ಅಂತೀರಿ. ಹೇಗೆ ಹೇಳ್ತೀರಿ?"

"ನನಗೆ ಒಂದು ಹೇಳಿ, ಇವರಿಗೆ ಇನ್ನೊಂದು ಹೇಳಿದ್ರು ಸಾರ್," ಎಂದರು ಟೀಚರಮ್ಮ ಹೆಮ್ಮೆಯಿಂದ.

"ಸಿಕ್ಕಿಬಿದ್ದ ಮೇಲೆ ನಮಗೇ ಬೈದ್ರು," ಎಂದರು ತುತ್ತೂರಿ. "ಇನ್ನೇನು ಬೇಕು ಸಾರ್?"

ಅಧಿಕಾರಿಗೆ ಸಮಾಧಾನವಾದಂತೆ ಕಂಡಿತು. ಮೊಹರನ್ನು ಶಾಯಿಗೆ ಒತ್ತಿದ. ಪರದೇಶಿಯ ಉಸಿರು ಇನ್ನೇನು ಹೊರಬರಬೇಕು, ಅಷ್ಟರಲ್ಲಿ ಅಧಿಕಾರಿ ಕಾಗದವನ್ನು ಮಗುಚಿದ.

"ಹಿಂಬದಿ ತುಂಬಿಲ್ಲ. ಸಹಿದಾರರ ಹುಟ್ಟೂರು ಬರೀಬೇಕು."

"ಅದು ಯಾಕೆ ಸಾರ್?" ಎಂದ ಪರದೇಶಿ.

"ಸಹಿ ಮಾಡೋರು ಇದೇ ಊರಲ್ಲಿ ಹುಟ್ಟಿರ್ಬೇಕು. ಸಣ್ಣಕ್ಷರದಲ್ಲಿದೆಯಲ್ಲ, ಓದಿಲ್ವಾ? ಏನು ಕೆಲಸ ನಿಮ್ದು?"

"ಕನ್ನಡಕದ ಗಾಜು ಉಜ್ಜೋದು."

"ಚೆನ್ನಾಗಿದೆ," ಎಂದ ಅಧಿಕಾರಿ. "ಹೇಳಿ ಅಮ್ಮಾ, ನಿಮ್ಮ ಹುಟ್ಟೂರು?"

ಟೀಚರಮ್ಮ ಸ್ವೆಟರಿನ ಗುಂಡಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. "ಅದೇನು ಅಷ್ಟು ಮುಖ್ಯಾನಾ?"

"ಹೇಳಿ ಟೀಚರಮ್ಮ, ನಾಚಿಕೆ ಯಾಕೆ?" ತುತ್ತೂರಿ ನಕ್ಕರು.

"ಸಮುದ್ರದ ಆಚೆ," ಎಂದರು ಟೀಚರಮ್ಮ. "ಮದುವೆ ಆಗಿ ಬಂದೆ. ಬಂದಾಗ ಇಲ್ಲಿಯ ಭಾಷೆ ಒಂದಕ್ಷರ ಗೊತ್ತಿರಲಿಲ್ಲ."

ತುತ್ತೂರಿ ಹೊಟ್ಟೆ ಹಿಡಿದು ನಕ್ಕರು. "ಅಯ್ಯಯ್ಯೋ! ಊರ ಮಕ್ಕಳಿಗೆಲ್ಲ ಊರ ಭಾಷೆ ಕಲಿಸಿದೋರು ಹೊರಗಿನೋರಾ!"

"ನಿಮ್ದು ಸಾರ್?" ಎಂದ ಅಧಿಕಾರಿ.

ತುತ್ತೂರಿಯ ನಗು ಸೂಜಿ ಚುಚ್ಚಿದ ಬಲೂನಿನಂತೆ ಇಳಿಯಿತು. "ಅದು... ನಮ್ಮ ಬ್ಯಾಂಡು ಈ ಊರಿಗೆ ಒಂದು ವಾರ ಬಾರಿಸೋಕೆ ಅಂತ ಬಂದಿತ್ತು. ವಾಪಸ್ ಹೋಗೋ ದಿನ ನಂಗೆ ರೈಲು ತಪ್ಪಿತು."

"ಯಾವಾಗ?"

"ಮೂವತ್ತೆರಡು ವರ್ಷ ಆಯ್ತು."

ಅಧಿಕಾರಿ ಕೀಲಿಯಕ್ಕನ ಕಡೆ ತಿರುಗುವ ಮುಂಚೆಯೇ ಅವಳು ಕೈ ಎತ್ತಿದಳು. "ನನ್ನ ನೋಡ್ಬೇಡಿ. ನಾನು ಬಂದು ಹನ್ನೊಂದು ವರ್ಷ. ಬೆಳಿಗ್ಗೇನೇ ಇವರಿಗೆ ಹೇಳ್ದೆ, ನಮ್ಮ ಕಡೆ ಹಿಂಗಲ್ಲ ಅಂತ."

ಟೀಚರಮ್ಮನೂ ತುತ್ತೂರಿಯೂ ಒಬ್ಬರನ್ನೊಬ್ಬರು ಮೊದಲ ಸಲ ನೋಡುವವರಂತೆ ನೋಡಿದರು.

"ಮತ್ತೆ ನಮ್ಮೂರಲ್ಲಿ ತೆಗೆದಿಡ್ತಾರೆ, ನಮ್ಮೂರಲ್ಲಿ ತೆಗೆದಿಡ್ತಾರೆ ಅಂತಿದ್ರಲ್ಲ?"

"ನಮ್ಮೂರಲ್ಲಿ ತೆಗೆದೇ ಇಡ್ತಾರೆ. ನಾನು ಹುಟ್ಟಿದೂರಲ್ಲಿ. ನೀವು ಮುಚ್ಚಿಡ್ತಾರೆ ಅಂತಿದ್ದಿದ್ದು?"

"ನಾನು ಹುಟ್ಟಿದೂರಲ್ಲಿ."

"ಹಾಗಾದ್ರೆ ಇಲ್ಲಿಯೋರು ಏನು ಮಾಡ್ತಾರೆ?" ಎಂದ ಪರದೇಶಿ. ನಾಲ್ವರೂ ಅಧಿಕಾರಿಯನ್ನು ನೋಡಿದರು.

"ನನ್ನನ್ಯಾಕೆ ಕೇಳ್ತೀರಿ? ನಾನು ವರ್ಗವಾಗಿ ಬಂದು ಮೂರು ತಿಂಗಳಾಗಿಲ್ಲ," ಎಂದು ಅಧಿಕಾರಿ ಮೊಹರನ್ನು ಡಬ್ಬಿಯೊಳಗಿಟ್ಟ. ನೇರಳೆ ಕಾಗದವನ್ನು ಅಡ್ಡಡ್ಡ ಹರಿದು, ಹೊಸ ನಮೂನೆ ಕೊಟ್ಟ. "ನಿಮ್ಮ ಮುಖ ನೋಡಿ ಪಾಪ ಅನ್ನಿಸ್ತಿದೆ. ನಾಳೆ ಹನ್ನೆರಡು ಗಂಟೆಗೆ ಮೂರು ಸಹಿ ತನ್ನಿ. ಇಲ್ಲೇ ಹುಟ್ಟಿದವರದ್ದು. ಇನ್ನೊಂದು ನಿಮಿಷ ಹೆಚ್ಚಿಗೆ ಸಿಗಲ್ಲ."

ಹೊರಗೆ ಕಚೇರಿಯ ಮೆಟ್ಟಿಲ ಮೇಲೆ ನಾಲ್ವರೂ ನಿಂತರು. ಕಟ್ಟಡದಲ್ಲಿ ಇದೇ ಊರಲ್ಲಿ ಹುಟ್ಟಿದವರು ಯಾರು ಎಂದು ಮಹಡಿ ಮಹಡಿಯಾಗಿ ಲೆಕ್ಕ ಹಾಕಿದರು. ಮೊದಲನೇ ಮಹಡಿಯ ದರ್ಜಿ ಗಡಿಯಾಚೆಯವನು. ನಾಲ್ಕನೇ ಮಹಡಿಯ ನರ್ಸಮ್ಮನ ಊರು ಭೂಪಟದಲ್ಲೂ ಸಿಕ್ಕಿರಲಿಲ್ಲ. ಮನೆ ಮಾಲೀಕ ಇಲ್ಲಿಯವನೇ, ಆದರೆ ಅವನು ಹೊರದೇಶದಲ್ಲಿ ವಾಸ.

"ಇಲ್ಲೇ ಹುಟ್ಟಿದ್ದು ಅಂದ್ರೆ ನನ್ನ ಕೋಣೆ ಬೆಕ್ಕು," ಎಂದಳು ಕೀಲಿಯಕ್ಕ.

"ಅದಕ್ಕೆ ಸಹಿ ಹಾಕೋಕೆ ಬರಲ್ವಲ್ಲ," ಎಂದ ಪರದೇಶಿ.

"ಹೆಬ್ಬೆಟ್ಟು ಒತ್ತಿಸ್ಬಹುದು," ಎಂದರು ತುತ್ತೂರಿ.

"ಆದ್ರೂ ಮೂರು ಬೇಕು," ಎಂದರು ಟೀಚರಮ್ಮ.

"ಮರಿ ಹಾಕಿದೆ," ಎಂದಳು ಕೀಲಿಯಕ್ಕ.

ತುತ್ತೂರಿ ನಕ್ಕರು. ಟೀಚರಮ್ಮನೂ ನಕ್ಕರು. ಅವರು ನಗುವುದನ್ನು ಕಟ್ಟಡದಲ್ಲಿ ಯಾರೂ ನೋಡಿರಲಿಲ್ಲ. "ಅಲ್ಲಾ, ರೈಲು ತಪ್ಪಿದ್ದು ಹೇಗೆ ನಿಮಗೆ?" ಎಂದು ಅವರು ತುತ್ತೂರಿಯನ್ನು ಕೇಳಿದರು. "ಅದೊಂದು ದೊಡ್ಡ ಕತೆ. ನೀವು ಒಂದಕ್ಷರ ಗೊತ್ತಿಲ್ದೆ ಟೀಚರ್ ಆಗಿದ್ದು ಹೇಗೆ, ಅದನ್ನ ಮೊದ್ಲು ಹೇಳಿ," ಎಂದರು ತುತ್ತೂರಿ. ಎದುರಿಗೆ ಒಂದು ಚಹಾದಂಗಡಿ ಇತ್ತು. ಮಾತಾಡುತ್ತ ಮಾತಾಡುತ್ತ ಇಬ್ಬರೂ ರಸ್ತೆ ದಾಟಿದರು. ನಡುವೆ ಬಾಯಿ ಹಾಕುತ್ತ ಕೀಲಿಯಕ್ಕನೂ ದಾಟಿದಳು. ಮೂವರೂ ಒಂದೇ ಮೇಜಿಗೆ ಕೂತು ಮೂರು ಚಹಾ ಹೇಳಿದ್ದು ಪರದೇಶಿಗೆ ಇಲ್ಲಿಂದಲೇ ಕಾಣಿಸಿತು. ನಾಲ್ಕನೆಯದರ ನೆನಪು ಯಾರಿಗೂ ಆಗಲಿಲ್ಲ.

ಅವನು ಹೊಸ ಕಾಗದ ಹಿಡಿದು ಪಾದಚಾರಿ ಹಾದಿಯಲ್ಲಿ ನಿಂತ. ಹೆಂಡತಿ ಇಷ್ಟು ಹೊತ್ತಿಗೆ ಮನೆ ಸೇರಿರುತ್ತಾಳೆ. ಅವಳಿಗೆ ಏನೆಂದು ಹೇಳುವುದು? ಎಲ್ಲರೂ ನನ್ನನ್ನು ತಮ್ಮವನೇ ಎಂದು ಒಪ್ಪಿದರು, ಆದರೆ ಒಪ್ಪಿದವರನ್ನೇ ಯಾರೂ ಒಪ್ಪುತ್ತಿಲ್ಲ ಎಂದೇ? ಹೋಗಿಬರುವವರ ಮುಖಗಳನ್ನು ಅವನು ಒಂದೊಂದಾಗಿ ನೋಡತೊಡಗಿದ. ಇಲ್ಲಿ ಹುಟ್ಟಿದವರ ಮೂಗು ಹೇಗಿರುತ್ತದೆ, ನಡಿಗೆ ಹೇಗಿರುತ್ತದೆ? ಎಂಟು ತಿಂಗಳಲ್ಲಿ ಗಮನಿಸಿರಲಿಲ್ಲ. ಕೊನೆಗೆ ಒಬ್ಬ ಸಭ್ಯ ಮನುಷ್ಯ ತಾನಾಗಿಯೇ ಇವನ ಕಡೆಗೆ ನಡೆದು ಬಂದ. ಇಸ್ತ್ರಿ ಹಾಕಿದ ಕೋಟು, ಬಾಚಿದ ತಲೆ, ಅವಸರವಿಲ್ಲದ ಹೆಜ್ಜೆ. ಇವನೇ ಸರಿ ಎಂದು ಪರದೇಶಿ ಪೆನ್ನು ತೆಗೆದ.

ಆ ಮನುಷ್ಯ ಎದುರಿಗೆ ಬಂದು ನಿಂತು, ಗಂಟಲು ಸರಿಪಡಿಸಿಕೊಂಡ.

"ಮಾನ್ಯರೇ," ಎಂದ. "ತಾವು ಇದೇ ಊರಿನಲ್ಲಿ ಜನಿಸಿದವರೆಂಬುದು ತಮ್ಮನ್ನು ಕಂಡೊಡನೆಯೇ ತಿಳಿಯುತ್ತದೆ. ತಮ್ಮಿಂದ ಒಂದು ಸಣ್ಣ ಉಪಕಾರವಾಗಬೇಕಾಗಿರುತ್ತದೆ."

ಅವನ ಕೈಯಲ್ಲೂ ಅಂಥದ್ದೇ ಕಾಗದವಿತ್ತು.